ಪೆನ್‌ಡ್ರೈವಿನಲ್ಲೊಂದು ಮನೆ

ನಮ್ಮ ಕಂಪ್ಯೂಟರ್ ಲ್ಯಾಬಿಗೆ ಬರುವ ಪದವಿ ವಿದ್ಯಾರ್ಥಿಗಳೆಲ್ಲರಿಗೆ,



“ಸೇವ್ ಮಾಡಿದ್ದೆ ಮೇಡಂ.”

ಆ ಹುಡುಗಿ ಅಳಲಿಲ್ಲ. ಪರದೆಯನ್ನೇ ನೋಡುತ್ತಾ ಈ ಮಾತನ್ನು ಮೂರು ಸಲ ಹೇಳಿದಳು. ಕೊನೆಯ ವರ್ಷದ ಪ್ರಾಜೆಕ್ಟ್ ವರದಿ, 14 ಪುಟ. ಬೆಳಿಗ್ಗೆ ಹತ್ತೂವರೆಗೆ ಕೂತವಳು ಊಟಕ್ಕೂ ಏಳದೆ ಟೈಪ್ ಮಾಡಿದ್ದಳು. ಪ್ಯಾರಾ ಮುಗಿದಾಗಲೆಲ್ಲ ಕಂಟ್ರೋಲ್ ಎಸ್ ಒತ್ತಿದ್ದಳು. ಹಾಗೆ ಒತ್ತುವುದನ್ನು ಅಭ್ಯಾಸ ಮಾಡಿಸಿದವಳು ನಾನೇ. ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಯುಪಿಎಸ್‌ನ ಹಳೆಯ ಬ್ಯಾಟರಿ ಒಂದು ನಿಮಿಷವೂ ತಡೆಯಲಿಲ್ಲ. ಕರೆಂಟು ಬಂದು ಕಂಪ್ಯೂಟರ್ ಮತ್ತೆ ಎದ್ದಾಗ ಡಾಕ್ಯುಮೆಂಟ್ಸ್ ಫೋಲ್ಡರ್ ಖಾಲಿ.

ಅವಳ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ. ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟು ತಿಂಗಳಾಗಿತ್ತು. ಯಂತ್ರ ಸುಮ್ಮನೆ ಬಿದ್ದಿರುವುದು ಬೇಡವೆಂದು ಡೆಬಿಯನ್ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್ ಸಿಕ್ಕಿಸಿ ಅವಳನ್ನು ಕೂರಿಸಿದ್ದೆ. ಲೈವ್ ಎಂದರೆ ಏನೆಂದು ಹೇಳಿರಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಹೇಳಲಿಕ್ಕೇ ಈ ಪತ್ರ. ಅವಳೊಬ್ಬಳಿಗೆ ಹೇಳಿದರೆ ಸಾಲದು, ನಿಮ್ಮೆಲ್ಲರಿಗೂ ಗೊತ್ತಿರಬೇಕು. ನಿಮ್ಮಲ್ಲಿ ಬಹಳ ಜನರಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಇಂದು ಕೂತ ಯಂತ್ರ ನಾಳೆ ಸಿಗುತ್ತದೆಂಬ ಖಾತ್ರಿಯೂ ಇಲ್ಲ.

ಏಳನೇ ಕ್ಲಾಸಿನಲ್ಲಿ ಭೂಪಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕಾವೇರಿಯನ್ನೂ ತುಂಗಭದ್ರೆಯನ್ನೂ ಎಳೆದದ್ದು ನೆನಪಿದೆಯೇ? ಲೈವ್ ಲಿನಕ್ಸ್ ನಡೆಯುವುದು ಹಾಗೆಯೇ. ಪೆನ್‌ಡ್ರೈವಿನಲ್ಲಿ ಇಡೀ ಸಿಸ್ಟಂ ಸ್ಕ್ವಾಷ್‌ಎಫ್‌ಎಸ್ ಎಂಬ ಬಗೆಯ ಒಂದೇ ದೊಡ್ಡ ಫೈಲಿನೊಳಗೆ ಒತ್ತೊತ್ತಾಗಿ ಕೂತಿರುತ್ತದೆ. ಅದನ್ನು ಓದಬಹುದು, ಅದರಲ್ಲಿ ಬರೆಯಲು ಬರುವುದಿಲ್ಲ. ಅದು ಅಡಿಯ ಭೂಪಟ. ಕಂಪ್ಯೂಟರ್ ಏಳುವಾಗ ಅದರ ಮೇಲೊಂದು ಖಾಲಿ ಹಾಳೆ ಹಾಸಿಕೊಳ್ಳುತ್ತದೆ. ಆ ಹಾಳೆ ಇರುವುದು ರ‍್ಯಾಮ್‌ನಲ್ಲಿ. ಎರಡನ್ನೂ ಕೂಡಿಸಿ ಒಂದೇ ಚಿತ್ರವಾಗಿ ತೋರಿಸುವುದು ಓವರ್‌ಲೇಎಫ್‌ಎಸ್‌ನ ಕೆಲಸ. 2014ರಲ್ಲಿ ಲಿನಕ್ಸ್ ಕರ್ನಲ್‌ನ 3.18ನೇ ಆವೃತ್ತಿಯಲ್ಲಿ ಅದು ಕರ್ನಲ್‌ನೊಳಗೇ ಸೇರಿತು. ಅದಕ್ಕೂ ಮೊದಲು ಯೂನಿಯನ್‌ಎಫ್‌ಎಸ್, ಎಯುಎಫ್‌ಎಸ್ ಎಂಬವು ಇದೇ ಕೆಲಸ ಮಾಡುತ್ತಿದ್ದವು. ನೀವು ಬರೆದದ್ದೆಲ್ಲ ಮೇಲಿನ ಹಾಳೆಗೆ ಹೋಗುತ್ತದೆ. ಅಡಿಯಲ್ಲಿರುವ ಒಂದು ಫೈಲನ್ನು ಅಳಿಸಿದರೂ ಅದು ನಿಜಕ್ಕೂ ಅಳಿಯುವುದಿಲ್ಲ. ಮೇಲಿನ ಹಾಳೆಯಲ್ಲಿ ಆ ಜಾಗಕ್ಕೆ ಬಿಳಿ ಬಣ್ಣ ಬಳಿದ ಹಾಗೆ ಒಂದು ಗುರುತು ಬೀಳುತ್ತದೆ, ಆ ಗುರುತಿಗೆ ವೈಟ್‌ಔಟ್ ಎಂದೇ ಹೆಸರು.

ಕರೆಂಟು ಹೋದಾಗ ಆ ಹಾಳೆ ಮಾಯ. ಕಂಟ್ರೋಲ್ ಎಸ್ ಒತ್ತಿದಾಗ ಫೈಲು ಸೇವ್ ಆದದ್ದು ಖರೆ, ಆದರೆ ರ‍್ಯಾಮ್‌ನಲ್ಲಿ. ಹಾಳೆಯ ಅಳತೆಯೂ ಚಿಕ್ಕದು: ಸಾಮಾನ್ಯವಾಗಿ ರ‍್ಯಾಮ್‌ನ ಅರ್ಧ. ನಮ್ಮ 4 ಜಿಬಿ ಯಂತ್ರಗಳಲ್ಲಿ ಸುಮಾರು 2 ಜಿಬಿ. ಎರಡು ಸಿನಿಮಾ ಇಳಿಸಿಕೊಂಡರೆ ಹಾಳೆ ತುಂಬಿ, ಯಂತ್ರ ನಿಂತಲ್ಲೇ ನಿಲ್ಲಬಹುದು.

ಈ ಮರೆವನ್ನು ದೋಷವೆಂದು ತಿಳಿಯಬೇಡಿ. ಲೈವ್ ಸಿಸ್ಟಂ ಹುಟ್ಟಿದ್ದೇ ಹೀಗಿರಲಿಕ್ಕೆ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದ ಹೊತ್ತಿಗೆ ಕ್ನಾಪಿಕ್ಸ್ ಸಿದ್ಧಪಡಿಸಿದಾಗ ಅದು ಒಂದು ಸಿಡಿ. ಯಾವ ಕಂಪ್ಯೂಟರಿಗಾದರೂ ಹಾಕಿ ಕೆಲಸ ಮಾಡಿ, ಸಿಡಿ ತೆಗೆದು ಹೊರಟರೆ ಆ ಕಂಪ್ಯೂಟರಿನಲ್ಲಿ ನಿಮ್ಮ ಹೆಜ್ಜೆಗುರುತು ಇರುವುದಿಲ್ಲ. ಹಂಚಿಕೊಂಡು ಬಳಸುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇರೆ ಯಾವುದಿದೆ? ಆದರೆ ಕ್ನಾಪಿಕ್ಸ್ ಬಳಸಿದವರಿಗೂ ಬೇಗನೆ ನಿಮ್ಮ ಕಷ್ಟವೇ ಎದುರಾಯಿತು: ಬರೆದದ್ದನ್ನು ಇಡುವುದೆಲ್ಲಿ? ಕ್ನಾಪಿಕ್ಸ್ ಅದಕ್ಕೊಂದು ದಾರಿ ಮಾಡಿತು. ಮೆನುವಿನಿಂದಲೇ ಪೆನ್‌ಡ್ರೈವಿನಲ್ಲಿ ಒಂದು ‘ಉಳಿಯುವ ಹೋಮ್’ ಮಾಡಿಕೊಳ್ಳಬಹುದಿತ್ತು. ಮುಂದಿನ ಸಲ ಬೂಟ್ ಸಾಲಿನಲ್ಲಿ ಒಂದು ಮಾತು ಸೇರಿಸಿದರೆ ಸಿಸ್ಟಂ ತಾನೇ ಹುಡುಕಿ ಆ ಹೋಮನ್ನು ಜೋಡಿಸಿಕೊಳ್ಳುತ್ತಿತ್ತು. ಸಿಸ್ಟಂ ಮರೆಯಲಿ, ಮನೆ ಮಾತ್ರ ಉಳಿಯಲಿ ಎಂಬ ಆ ವಿಚಾರ ನನಗೆ ಇಂದಿಗೂ ಸರಿ ಅನ್ನಿಸುತ್ತದೆ. ನಿಮ್ಮಿಂದಲೂ ಅದನ್ನೇ ಮಾಡಿಸಬೇಕೆಂದಿದ್ದೇನೆ.

ಡೆಬಿಯನ್ ಲೈವ್‌ನಲ್ಲಿ ಇದನ್ನು ಮಾಡಲು ಎರಡು ಪೆನ್‌ಡ್ರೈವ್ ತನ್ನಿ. ಒಂದೇ ಡ್ರೈವಿನಲ್ಲೂ ಆಗುತ್ತದೆ. ಆದರೆ ಐಎಸ್‌ಒ, ಅಂದರೆ ಲೈವ್ ಸಿಸ್ಟಮ್ಮಿನ ಇಮೇಜ್ ಫೈಲ್, ಬರೆದ ಡ್ರೈವಿನಲ್ಲಿ ಉಳಿದ ಜಾಗಕ್ಕೆ ಹೊಸ ಪಾರ್ಟಿಷನ್ ಸೇರಿಸುವುದು ಸ್ವಲ್ಪ ತೊಡಕಿನ ಕೆಲಸ. ಪಾರ್ಟಿಷನ್ ಮಾಡುವ ಜಿಪಾರ್ಟೆಡ್ ಪ್ರೋಗ್ರಾಮಿಗೆ ಅಂಥ ಡ್ರೈವ್ ಇಡೀ ಒಂದು ಸಿಡಿಯ ಹಾಗೆ ಕಾಣುತ್ತದೆ. ಎರಡು ಡ್ರೈವ್ ಇದ್ದರೆ ಮನಸ್ಸಿಗೂ ಸ್ಪಷ್ಟ: ಒಂದು ಸಿಸ್ಟಂ, ಒಂದು ಮನೆ. ಲೈವ್‌ಬೂಟ್ ಎಂಬ ಭಾಗ ಏಳುವಾಗ ಸಿಕ್ಕಿಸಿದ ಎಲ್ಲ ಡ್ರೈವ್‌ಗಳಲ್ಲೂ ಒಂದು ಲೇಬಲ್ಲಿಗಾಗಿ ಹುಡುಕುತ್ತದೆ, ಆದ್ದರಿಂದ ಮನೆ ಎರಡನೆಯ ಡ್ರೈವಿನಲ್ಲಿದ್ದರೂ ಸಿಗುತ್ತದೆ.

ಮೊದಲು ಲೈವ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಆಮೇಲೆ ಎರಡನೆಯದನ್ನು ಸಿಕ್ಕಿಸಿ. ಡಿಸ್ಕ್ಸ್ ಎಂಬ ಪ್ರೋಗ್ರಾಂ ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ ಡ್ರೈವಿನ ಕಂಪನಿ, ಅಳತೆ ನೋಡಿ, ನಿಮ್ಮದೇ ಹೌದೋ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಇಲ್ಲಿ ಅವಸರ ಬೇಡ, ಪಕ್ಕದವರ ಮಾತಿಗೆ ಕಿವಿ ಕೊಡುವುದೂ ಬೇಡ. ಫಾರ್ಮ್ಯಾಟ್ ಎಂದರೆ ಅಲ್ಲಿದ್ದದ್ದೆಲ್ಲ ಹೋಯಿತು ಎಂದರ್ಥ. ಖಾತ್ರಿಯಾದ ಮೇಲೆ ಫಾರ್ಮ್ಯಾಟ್ ಮಾಡಿ, ಬಗೆ ಇಎಕ್ಸ್‌ಟಿ4 ಇರಲಿ. ಸಾಮಾನ್ಯ ಪೆನ್‌ಡ್ರೈವಿನ ಫ್ಯಾಟ್ ಬಗೆಗೆ ಯಾವ ಫೈಲು ಯಾರದು, ಯಾರು ತೆರೆಯಬಹುದು ಎಂಬುದನ್ನು ನೆನಪಿಡಲು ಬರುವುದಿಲ್ಲ. ಲಿನಕ್ಸಿನ ಮನೆಗೆ ಅದು ಬೇಕೇ ಬೇಕು. ಹೆಸರು ಕೇಳುವ ಜಾಗದಲ್ಲಿ ‘ಪರ್ಸಿಸ್ಟೆನ್ಸ್’ ಎಂಬ ಇಂಗ್ಲಿಷ್ ಪದವನ್ನು ಎಲ್ಲ ಸಣ್ಣಕ್ಷರದಲ್ಲಿ ಬರೆಯಿರಿ. ಒಂದಕ್ಷರ ಹೆಚ್ಚು ಕಡಿಮೆಯಾದರೂ ಲೈವ್‌ಬೂಟ್ ಮನೆಯ ಮುಂದೆಯೇ ಹಾದುಹೋಗುತ್ತದೆ, ಒಳಗೆ ಬರುವುದಿಲ್ಲ.

ಈಗ ಆ ಡ್ರೈವಿನೊಳಗೆ ಒಂದೇ ಒಂದು ಸಣ್ಣ ಫೈಲ್ ಬೇಕು. ಹೆಸರು ಪರ್ಸಿಸ್ಟೆನ್ಸ್, ಒಂದು ಚುಕ್ಕೆ, ಆಮೇಲೆ ಕಾನ್ಫ್. ಅದರಲ್ಲಿ ಒಂದೇ ಸಾಲು: ಓರೆಗೆರೆ, ಅದಕ್ಕಂಟಿ ‘ಹೋಮ್’. ಸಾಲು ಮುಗಿದ ಮೇಲೆ ಎಂಟರ್ ಒತ್ತಿ. ಫೋಲ್ಡರ್ ತೆರೆದು ರೈಟ್ ಕ್ಲಿಕ್ ಮಾಡಿ ಈ ಫೈಲ್ ಮಾಡಲು ಹೋದರೆ ಅನುಮತಿ ಇಲ್ಲ ಎನ್ನಬಹುದು, ಹೊಸ ಇಎಕ್ಸ್‌ಟಿ4 ಡ್ರೈವಿನ ಒಡೆತನ ಹಲವು ಸಲ ರೂಟ್ ಎಂಬ ಯಜಮಾನನದಾಗಿರುತ್ತದೆ. ಅನೇಕರು ಇಲ್ಲಿಗೆ ಬಂದು ಕೈಚೆಲ್ಲಿದ್ದನ್ನು ಕಂಡಿದ್ದೇನೆ. ಟರ್ಮಿನಲ್ ತೆರೆದು, ಆಜ್ಞೆಯ ಮುಂದೆ ಸುಡೋ ಹಾಕಿ, ನ್ಯಾನೋ ಎಂಬ ಎಡಿಟರಿನಲ್ಲಿ ಬರೆದರೆ ಆಯಿತು.

ಕಂಪ್ಯೂಟರನ್ನು ಮತ್ತೆ ಎಬ್ಬಿಸಿ. ಬೂಟ್ ಮೆನು ಬಂದಾಗ ಹೊಸ ಯಂತ್ರಗಳಲ್ಲಿ ‘ಇ’ ಕೀಲಿ, ಹಳೆಯ ಬಯೋಸ್ ಯಂತ್ರಗಳಲ್ಲಿ ಟ್ಯಾಬ್ ಒತ್ತಿದರೆ ಬೂಟ್ ಸಾಲು ತೆರೆಯುತ್ತದೆ. ‘ಇ’ ಒತ್ತಿದ್ದರೆ ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ, ಟ್ಯಾಬ್ ಒತ್ತಿದ್ದರೆ ತೆರೆದ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಅದೇ ಪದ, ಪರ್ಸಿಸ್ಟೆನ್ಸ್, ಸೇರಿಸಿ. ‘ಇ’ ಒತ್ತಿ ಬಂದಿದ್ದರೆ ಎಫ್10, ಟ್ಯಾಬ್ ಒತ್ತಿ ಬಂದಿದ್ದರೆ ಎಂಟರ್. ಇಷ್ಟೇ. ಡೆಸ್ಕ್‌ಟಾಪ್ ಬಂದ ಮೇಲೆ ಒಂದು ಫೈಲ್ ಬರೆದಿಟ್ಟು, ಪೂರ್ತಿ ಬಂದ್ ಮಾಡಿ, ಮತ್ತೆ ಎಬ್ಬಿಸಿ ನೋಡಿ. ಅದನ್ನು ನೋಡದೆ ಒಂದು ಪುಟವನ್ನೂ ಟೈಪ್ ಮಾಡಬೇಡಿ.

ಪ್ರತಿ ಸಲ ಆ ಪದ ಸೇರಿಸುವುದು ಬೇಸರವೇ. ಐಎಸ್‌ಒ ಬರೆದ ಡ್ರೈವ್ ಓದಲಿಕ್ಕಷ್ಟೇ ಇರುವುದರಿಂದ ಮೆನುವನ್ನು ತಿದ್ದಲಾಗುವುದಿಲ್ಲ. ಯುಇಎಫ್‌ಐ ಇರುವ ಯಂತ್ರವಾದರೆ ಐಎಸ್‌ಒ ಒಳಗಿನ ಫೈಲುಗಳನ್ನು ಫ್ಯಾಟ್32 ಡ್ರೈವಿಗೆ ಪ್ರತಿ ಮಾಡಿ, ಗ್ರಬ್ ಎಂಬ ಬೂಟ್‌ಲೋಡರಿನ ಕಾನ್ಫಿಗ್ ಫೈಲಿನಲ್ಲಿ ಆ ಪದವನ್ನು ಒಮ್ಮೆ ಸೇರಿಸಿಟ್ಟರೆ ಕಾಯಂ ಆಗುತ್ತದೆ. ಉಬುಂಟು ಬಳಸುವವರು ಜಾಗ್ರತೆ: ಅಲ್ಲಿ ಈ ಕೆಲಸ ಕ್ಯಾಸ್ಪರ್ ಎಂಬ ಬೇರೆ ಭಾಗದ್ದು, ಬೂಟ್ ಸಾಲಿನ ಪದ ‘ಪರ್ಸಿಸ್ಟೆಂಟ್’, ಲೇಬಲ್ಲುಗಳೂ ಬೇರೆ. ಮನೆಗಷ್ಟೇ ಆದರೆ ‘ಹೋಮ್-ಆರ್‌ಡಬ್ಲ್ಯೂ’ ಎಂಬ ಲೇಬಲ್. ಒಂದರ ಪಾಠವನ್ನು ಇನ್ನೊಂದಕ್ಕೆ ಹಚ್ಚಿ ಇಡೀ ಸಂಜೆ ಕಳೆದವರಿದ್ದಾರೆ.

ಕಾನ್ಫ್ ಫೈಲಿನಲ್ಲಿ ‘ಹೋಮ್’ ಬದಲು ಬರೀ ಓರೆಗೆರೆ ಹಾಕಿ, ಮುಂದೆ ‘ಯೂನಿಯನ್’ ಎಂದು ಬರೆದರೆ ಇಡೀ ಸಿಸ್ಟಂ ಉಳಿಯುತ್ತದೆ. ಹಾಕಿದ ಪ್ರೋಗ್ರಾಂ, ಮಾಡಿದ ಅಪ್‌ಡೇಟ್, ಎಲ್ಲವೂ. ಬಹಳ ಕಡೆ ಕಲಿಸುವುದೂ ಇದನ್ನೇ. ಕೇಳಿದರೆ ಆಸೆಯಾಗುತ್ತದೆ. ಬೇಡವೆಂದು ನಿಮ್ಮನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಟ್ರೇಸಿಂಗ್ ಪೇಪರಿನ ಮಾತಿಗೇ ಬನ್ನಿ. ಅಡಿಯ ಭೂಪಟ ಎಂದೆಂದಿಗೂ ಅದೇ ಆಗಿದ್ದರೆ ಮೇಲಿನ ಹಾಳೆಯಲ್ಲಿ ಏನು ಬರೆದರೂ ಸರಿಯಾಗಿ ಕೂರುತ್ತದೆ. ಆದರೆ ಭೂಪಟ ಬದಲಾಗುತ್ತದೆ. ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಅಡಿಗೆ ಹೊಸ ಭೂಪಟ ಇಟ್ಟು ಮೇಲೆ ಹಳೆಯ ಹಾಳೆಯನ್ನೇ ಹಾಸಿದರೆ ಹಳೆಯ ನದಿ ಹೊಸ ಊರಿನ ನಡುವೆ ಹರಿಯುತ್ತದೆ. ನೀವು ಹಿಂದೆ ಅಪ್‌ಡೇಟ್ ಮಾಡಿದ್ದ ಹಳೆಯ ಲೈಬ್ರರಿಗಳು ಹೊಸ ಲೈಬ್ರರಿಗಳನ್ನು ಮುಚ್ಚುತ್ತವೆ. ಯಾವ ಪ್ಯಾಕೇಜ್ ಇದೆ ಎಂದು ಲೆಕ್ಕ ಇಡುವ ಪಟ್ಟಿಯೂ ಹಳೆಯದೇ ಕಾಣುತ್ತದೆ. ಸಿಸ್ಟಂ ಎದ್ದರೂ ಯಾವಾಗ ಎಲ್ಲಿ ಮುಗ್ಗರಿಸುತ್ತದೆಂದು ಹೇಳಲಾಗದು. ಕರ್ನಲ್‌ನದು ಇನ್ನೊಂದು ಕಥೆ. ಅದನ್ನು ಅಪ್‌ಡೇಟ್ ಮಾಡಿದರೂ ಕಂಪ್ಯೂಟರ್ ಏಳುವುದು ಪೆನ್‌ಡ್ರೈವಿನ ಮೂಲ ಕರ್ನಲ್‌ನಿಂದಲೇ. ಹೊಸದು ಸುಮ್ಮನೆ ಜಾಗ ತಿನ್ನುತ್ತಾ ಕೂರುತ್ತದೆ.

ಮನೆಯನ್ನಷ್ಟೇ ಉಳಿಸಿಕೊಂಡವರಿಗೆ ಈ ಯಾವ ತಾಪತ್ರಯವೂ ಇಲ್ಲ. ಹೊಸ ಡೆಬಿಯನ್ ಬಂತೆನ್ನಿ, ಮೊದಲ ಡ್ರೈವನ್ನು ಅಳಿಸಿ ಹೊಸ ಐಎಸ್‌ಒ ಬರೆಯಿರಿ. ಎರಡನೆಯದನ್ನು ಮುಟ್ಟುವ ಅಗತ್ಯವೇ ಇಲ್ಲ. ಮೊದಲ ಡ್ರೈವ್ ಕಳೆದರೂ ಕೆಟ್ಟರೂ ಗೆಳತಿಯ ಲೈವ್ ಡ್ರೈವ್ ಹಾಕಿ ನಿಮ್ಮ ಮನೆಗೆ ಹೋಗಬಹುದು. ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಏನಾದರೂ ಕೆಟ್ಟುಹೋಯಿತೆಂದು ಅನ್ನಿಸಿದರೆ ಪರ್ಸಿಸ್ಟೆನ್ಸ್ ಪದ ಸೇರಿಸದೆ ಎಬ್ಬಿಸಿ ನೋಡಬಹುದು. ಆಗಲೂ ತೊಂದರೆ ಇದ್ದರೆ ಯಂತ್ರದ್ದೋ ಲೈವ್ ಡ್ರೈವಿನದೋ, ಇಲ್ಲದಿದ್ದರೆ ಮನೆಯದು. ಪ್ರಯೋಗ ಮಾಡಿ ಕಲಿಯುವವರಿಗೆ ಇಷ್ಟು ಧೈರ್ಯ ಸಾಕು.

ಮನೆ ಎಂದರೆ ಬರೀ ಡಾಕ್ಯುಮೆಂಟ್ಸ್ ಫೋಲ್ಡರ್ ಅಲ್ಲ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಎಚ್ ಒತ್ತಿ ನೋಡಿ, ಚುಕ್ಕೆಯಿಂದ ಶುರುವಾಗುವ ಫೋಲ್ಡರುಗಳು ಕಾಣುತ್ತವೆ. ನಿಮ್ಮ ರೂಢಿಗಳೆಲ್ಲ ಇರುವುದು ಅಲ್ಲಿ. ಕನ್ನಡದಲ್ಲಿ ಬರೆಯುವವರಿಗೆ ಇದು ಬಹಳ ಮುಖ್ಯ. ಕಗಪ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಒಮ್ಮೆ ಆರಿಸಿಕೊಂಡರೆ ಆ ಆಯ್ಕೆ ಕಾನ್ಫಿಗ್ ಫೋಲ್ಡರಿನಲ್ಲಿ ಕೂತು ನಿಮ್ಮೊಡನೆ ಓಡಾಡುತ್ತದೆ. ಗುಬ್ಬಿ, ನವಿಲು ಫಾಂಟುಗಳು ಬೇಕೆಂದರೆ ಸಿಸ್ಟಮ್ಮಿಗೆ ಹಾಕಬೇಕೆಂದೇನೂ ಇಲ್ಲ. ಮನೆಯೊಳಗೆ ಚುಕ್ಕೆ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಮಾಡಿ ಹಾಕಿದರೆ ಸಾಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳನ್ನು ತೆರೆಯಬೇಕಾದವರಿಗೂ ಇದೇ ದಾರಿ. ಲಿಬ್ರೆಆಫೀಸ್‌ನಲ್ಲಿ ಕೆಂಪು ಗೆರೆ ಬಿದ್ದ ಕನ್ನಡ ಪದಗಳನ್ನು ನೀವು ನಿಘಂಟಿಗೆ ಸೇರಿಸುತ್ತಾ ಹೋದರೆ ಆ ಪಟ್ಟಿಯೂ ಮನೆಯಲ್ಲೇ ಬೆಳೆಯುತ್ತದೆ. ವರ್ಷದ ಕೊನೆಗೆ ನಿಮ್ಮ ಊರಿನ ಹೆಸರು, ನಿಮ್ಮ ವಿಷಯದ ಪದಗಳು ಅದಕ್ಕೆ ಪರಿಚಯವಾಗಿರುತ್ತವೆ.

ವೈಫೈ ಪಾಸ್‌ವರ್ಡ್ ಮಾತ್ರ ಮನೆಯಲ್ಲಿರುವುದಿಲ್ಲ. ಅದು ಸಿಸ್ಟಮ್ಮಿನ ಇಟಿಸಿ ಎಂಬ ಫೋಲ್ಡರಿನೊಳಗೆ ನೆಟ್‌ವರ್ಕ್‌ಮ್ಯಾನೇಜರ್‌ನ ಕೋಣೆಯಲ್ಲಿರುತ್ತದೆ. ಪ್ರತಿ ಸಲ ಕೇಳುವುದು ಬೇಡವೆಂದರೆ ಕಾನ್ಫ್ ಫೈಲಿನಲ್ಲಿ ಆ ಕೋಣೆಯ ಪೂರ್ತಿ ವಿಳಾಸವನ್ನು ಎರಡನೆಯ ಸಾಲಾಗಿ ಬರೆಯಬಹುದು. ಲಾಗಿನ್ ಪಾಸ್‌ವರ್ಡೂ ಮನೆಯ ಹೊರಗಿನದೇ. ಡೆಬಿಯನ್ ಲೈವ್‌ನಲ್ಲಿ ಬಳಕೆದಾರನ ಹೆಸರು ‘ಯೂಸರ್’, ಪಾಸ್‌ವರ್ಡ್ ‘ಲೈವ್’, ಇದು ಲೋಕಕ್ಕೆಲ್ಲ ಗೊತ್ತು. ಅದನ್ನು ಬೀಗವೆಂದು ನಂಬಬೇಡಿ. ಇನ್ನೊಂದು ಸೂಕ್ಷ್ಮ: ಲಿನಕ್ಸ್ ಫೈಲಿನ ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ಡೆಬಿಯನ್ ಲೈವ್‌ನ ಬಳಕೆದಾರನ ನಂಬರು 1000. ಉಬುಂಟುವಿನ ಹಲವು ಲೈವ್ ಆವೃತ್ತಿಗಳಲ್ಲಿ 999. ಒಂದರ ಮನೆಯನ್ನು ಇನ್ನೊಂದರಲ್ಲಿ ತೆರೆದಾಗ ಅನುಮತಿ ಇಲ್ಲ ಎಂದರೆ ಹೆದರಬೇಡಿ, ಫೈಲುಗಳು ಎಲ್ಲಿಯೂ ಹೋಗಿರುವುದಿಲ್ಲ.

ಆದರೆ ಫೈಲುಗಳು ನಿಜಕ್ಕೂ ಹೋಗುವ ದಾರಿಗಳೂ ಇವೆ. ಮೊದಲನೆಯದು ಜೆರಾಕ್ಸ್ ಅಂಗಡಿ. ಪ್ರಿಂಟ್ ತೆಗೆಸಲೆಂದು ಮನೆಯ ಡ್ರೈವನ್ನು ಅಲ್ಲಿನ ವಿಂಡೋಸ್ ಕಂಪ್ಯೂಟರಿಗೆ ಕೊಡಬೇಡಿ. ವಿಂಡೋಸ್ ತಾನಾಗಿ ಇಎಕ್ಸ್‌ಟಿ4 ಓದುವುದಿಲ್ಲ. ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. ಸಾಲಿನಲ್ಲಿ ನಿಂತವರು ಅವಸರಿಸುತ್ತಿರುತ್ತಾರೆ, ಅಂಗಡಿಯ ಹುಡುಗ ಹೂಂ ಎಂದು ಒತ್ತಿಬಿಡುತ್ತಾನೆ. ಒಂದೇ ಕ್ಲಿಕ್ಕಿನಲ್ಲಿ ಮೂರು ವರ್ಷ. ಪ್ರಿಂಟಿಗೆ ಬೇರೆಯದೇ ಚಿಕ್ಕ ಪೆನ್‌ಡ್ರೈವ್ ಇರಲಿ, ಅದರಲ್ಲಿ ಪಿಡಿಎಫ್ ಮಾತ್ರ ಇರಲಿ.

ಎರಡನೆಯದು ಅವಸರದಲ್ಲಿ ಡ್ರೈವ್ ಕಿತ್ತುಕೊಳ್ಳುವುದು. ನೀವು ಸೇವ್ ಮಾಡಿದ್ದು ಆ ಕ್ಷಣವೇ ಪೆನ್‌ಡ್ರೈವಿಗೆ ಇಳಿಯುವುದಿಲ್ಲ. ಲಿನಕ್ಸ್ ಅದನ್ನು ಸ್ವಲ್ಪ ಹೊತ್ತು, ಕೆಲವೊಮ್ಮೆ ಅರ್ಧ ನಿಮಿಷದವರೆಗೂ, ಮೆಮೊರಿಯಲ್ಲೇ ಇಟ್ಟುಕೊಂಡು ಒಟ್ಟಿಗೆ ಬರೆಯುತ್ತದೆ. ಬಸ್ಸು ಹೊರಟಿದ್ದರೂ ಶಟ್‌ಡೌನ್ ಪೂರ್ತಿಯಾಗುವವರೆಗೆ ಕಾಯಿರಿ. ಕರೆಂಟು ಹೋದರೆ ಇಎಕ್ಸ್‌ಟಿ4ನ ಜರ್ನಲ್ ಫೈಲುಗಳ ಕಟ್ಟನ್ನು ಕಾಪಾಡುತ್ತದೆ. ಆದರೆ ಇನ್ನೂ ಬರೆಯದ ಸಾಲುಗಳನ್ನು ಅದು ಎಲ್ಲಿಂದ ತಂದೀತು? ಲಿಬ್ರೆಆಫೀಸ್‌ನ ಆಟೋರಿಕವರಿಯನ್ನು 5 ನಿಮಿಷಕ್ಕೆ ಇಟ್ಟುಕೊಳ್ಳಿ.

ಮೂರನೆಯದು ನಿಧಾನವಾಗಿ ಬರುತ್ತದೆ. ಪೆನ್‌ಡ್ರೈವಿನ ಫ್ಲ್ಯಾಷ್ ಚಿಪ್ಪಿನಲ್ಲಿ ಒಂದೇ ಜಾಗಕ್ಕೆ ಇಷ್ಟೇ ಸಲ ಬರೆಯಬಹುದೆಂಬ ಮಿತಿ ಇದೆ. ಮನೆಯಲ್ಲಿ ಎಡೆಬಿಡದೆ ಬರೆಯುವುದು ನೀವಲ್ಲ, ಬ್ರೌಸರು. ಫೈರ್‌ಫಾಕ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗಳಲ್ಲಿ ಡಿಸ್ಕ್ ಕ್ಯಾಷ್ ನಿಲ್ಲಿಸಿದರೆ ಅದು ಮೆಮೊರಿಯಲ್ಲೇ ಕೆಲಸ ಮುಗಿಸಿಕೊಳ್ಳುತ್ತದೆ. ಡ್ರೈವಿನ ಆಯುಸ್ಸು ಉಳಿಯುತ್ತದೆ, ಯಂತ್ರವೂ ಚುರುಕಾಗುತ್ತದೆ. ಆದರೂ ಒಂದು ದಿನ ಆ ಡ್ರೈವ್ ಸಾಯುತ್ತದೆ. ಎಚ್ಚರಿಕೆ ಕೊಟ್ಟು ಸಾಯುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಪ್ರತಿ ತೆಗೆಯಿರಿ. ಯಾವುದೇ ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಡ್ರೈವಿನೊಳಗೆ ‘ಹೋಮ್’ ಎಂಬ ಫೋಲ್ಡರ್, ಅದರೊಳಗೆ ‘ಯೂಸರ್’ ಎಂಬ ಫೋಲ್ಡರ್ ನೇರವಾಗಿ ಕಾಣುತ್ತವೆ. ಯಾವ ಗುಟ್ಟಿನ ಪೆಟ್ಟಿಗೆಯೂ ಅಲ್ಲ.

ನಿಮಗೆ ಸುಲಭವಾಗಿ ಕಾಣುವುದು ಬಸ್ಸಿನಲ್ಲಿ ಬಿದ್ದದ್ದನ್ನು ಎತ್ತಿಕೊಂಡವರಿಗೂ ಕಾಣುತ್ತದೆ. ಹೆಣ್ಣುಮಕ್ಕಳೇ, ಇದನ್ನು ನಿಮಗೆ ಒತ್ತಿ ಹೇಳುತ್ತಿದ್ದೇನೆ. ಫೋಟೋ, ಬ್ಯಾಂಕಿನ ಕಾಗದ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಎಲ್ಲವೂ ಆ ಮನೆಯಲ್ಲಿರುತ್ತವೆ. ಅಂಥದ್ದು ಇರುವವರಿಗೆ ಟೇಲ್ಸ್ ಕಲಿಸಿಕೊಡುತ್ತೇನೆ. ಅದೂ ಡೆಬಿಯನ್‌ನಿಂದಲೇ ಕಟ್ಟಿದ ಲೈವ್ ಸಿಸ್ಟಂ. ಮರೆಯುವುದೇ ಅದರ ವ್ರತ. ಅಲ್ಲಿ ಉಳಿಯುವ ಜಾಗವನ್ನು ನೀವಾಗಿ ಕೇಳಿ ಮಾಡಿಕೊಳ್ಳಬೇಕು, ಅದು ಲಕ್ಸ್ ಎಂಬ ವಿಧಾನದಲ್ಲಿ ಪಾಸ್‌ಫ್ರೇಸ್ ಹಾಕಿ ಬೀಗ ಜಡಿದೇ ಇರುತ್ತದೆ, ಯಾವುದು ಉಳಿಯಬೇಕೆಂದು ಒಂದೊಂದಾಗಿ ನೀವೇ ಆರಿಸುತ್ತೀರಿ. ಆ ಪಾಸ್‌ಫ್ರೇಸ್ ಮರೆತರೆ ನಾನೂ ತೆರೆದುಕೊಡಲಾರೆ, ಯಾರೂ ತೆರೆದುಕೊಡಲಾರರು.

ಕೊನೆಗೊಂದು ಮಾತು, ಲ್ಯಾಬಿನ ಯಂತ್ರಗಳ ಬಗ್ಗೆ. ಲೈವ್‌ನಲ್ಲಿ ಕೂತಾಗ ಆ ಕಂಪ್ಯೂಟರಿನ ಸ್ವಂತ ಹಾರ್ಡ್‌ಡಿಸ್ಕೂ ನಿಮಗೆ ಕಾಣುತ್ತದೆ, ತೆರೆಯಲೂ ಬರುತ್ತದೆ. ತೆರೆಯಬೇಡಿ. ಅದರಲ್ಲಿರುವುದು ಬೇರೆಯವರ ಕೆಲಸ.

ಬರುವ ಶನಿವಾರ ಮಧ್ಯಾಹ್ನ ಎರಡಕ್ಕೆ ಲ್ಯಾಬ್ ತೆರೆದಿರುತ್ತೇನೆ. 16 ಜಿಬಿಯ ಎರಡು ಪೆನ್‌ಡ್ರೈವ್ ತನ್ನಿ, ಒಂದರ ಮೇಲೆ ಬಣ್ಣದ ಟೇಪ್ ಸುತ್ತಿ ತನ್ನಿ, ಮನೆ ಯಾವುದೆಂದು ಕೈಗೆ ತಿಳಿಯಲಿ. ಎರಡು ಕೊಳ್ಳಲಾಗದವರು ಒಂದನ್ನೇ ತನ್ನಿ, ಲೈವ್ ಡ್ರೈವ್‌ಗಳು ನನ್ನ ಹತ್ತಿರ ಇವೆ. ಇಂಗ್ಲಿಷಿನ ಆ ಉದ್ದ ಪದವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟಿರುತ್ತೇನೆ. ವರದಿ ಕಳೆದುಕೊಂಡವಳು ಅದನ್ನು ನಾಲ್ಕು ದಿನದಲ್ಲಿ ಮತ್ತೆ ಟೈಪ್ ಮಾಡಿ ಮುಗಿಸಿದ್ದಾಳೆ, ಈ ಸಲ ತನ್ನದೇ ಮನೆಯಲ್ಲಿ. ಶನಿವಾರ ಅವಳೂ ಬರುತ್ತಾಳೆ. ಮೊದಲ ಸಾಲಿನಲ್ಲಿ ಕೂತು, ಫಾರ್ಮ್ಯಾಟ್‌ನಿಂದ ಹಿಡಿದು ಮರಳಿ ಎಬ್ಬಿಸುವವರೆಗೆ ಎಲ್ಲವನ್ನೂ ತಾನೇ ತೋರಿಸಿಕೊಡುತ್ತೇನೆಂದು ಹೇಳಿದ್ದಾಳೆ.

ಪ್ರೀತಿಯಿಂದ,
ನಿಮ್ಮ ಲ್ಯಾಬ್ ಮೇಡಂ